ಹಪ್ಪಳ ಕದ್ದ ಗಿಡ್ಡ ಹಸು: ಮನೆಯಲ್ಲೇ ಪ್ರಾಸದ ಚಿತ್ರಪುಸ್ತಕ ಮಾಡುವುದು ಹೇಗೆ

ಮಕ್ಕಳಿಗೆ ಪ್ರಾಸದ ಚಿತ್ರಪುಸ್ತಕ ಮಾಡೋಣ ಅಂತ ಕೂತವರು ಸಾಮಾನ್ಯವಾಗಿ ಮೊದಲು ಪ್ರಾಸಪದ ಹುಡುಕುತ್ತಾರೆ. ಇಲಿ, ಹುಲಿ, ಕಲಿ, ನಲಿ ಅಂತ ಒಂದು ಪಟ್ಟಿ ಆಗುತ್ತದೆ. ಆಮೇಲೆ ಆ ಪಟ್ಟಿಗೆ ಕತೆ ಜೋಡಿಸುತ್ತಾರೆ. ಹಾಗೆ ಮಾಡಿದರೆ ಕತೆ ಪ್ರಾಸ ಎಳೆದ ಕಡೆಗೆಲ್ಲ ಹೋಗುತ್ತದೆ, ಇಲಿ ಯಾಕೆ ಹುಲಿಯ ಮನೆಗೆ ಹೋಯಿತು ಅಂತ ಮಗು ಕೇಳಿದರೆ ನಮ್ಮ ಹತ್ತಿರ ಉತ್ತರ ಇರುವುದಿಲ್ಲ. ನಾನು ಹೇಳುವ ಕ್ರಮ ಬೇರೆ. ಮೊದಲು ಪ್ರಾಣಿ ಮತ್ತು ತಿಂಡಿ. ಆಮೇಲೆ ತಾಳ. ತಾಳ ಕೂತ ಮೇಲೆ ಪುಟಗಳ ಲೆಕ್ಕ ಮತ್ತು ಚಿತ್ರ. ಪ್ರಾಸವನ್ನು ತಿದ್ದುವ ಕೆಲಸ ಕಟ್ಟಕಡೆಗೆ.

ಇದನ್ನು ಮುಖ್ಯವಾಗಿ ನಮ್ಮ ಕಾಸರಗೋಡಿನ ಕಡೆಯವರಿಗೆ ಬರೆಯುತ್ತಿದ್ದೇನೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡ ಮಾಧ್ಯಮದ ಒಂದನೇ ಕ್ಲಾಸಿಗೆ ಹೋಗಿ ನೋಡಿ. ಒಂದೇ ಬೆಂಚಿನಲ್ಲಿ ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಹವ್ಯಕ ಕನ್ನಡ ಮಾತಾಡುವ ಮಕ್ಕಳು ಕೂತಿರುತ್ತಾರೆ. ಆ ಮಕ್ಕಳಲ್ಲಿ ತುಂಬ ಜನರಿಗೆ ಪುಸ್ತಕದ ಕನ್ನಡ ಮನೆಮಾತಲ್ಲ. ಅವರಿಗೆ ಕನ್ನಡ ಹತ್ತಿರವಾಗಬೇಕಾದರೆ ಪುಸ್ತಕದ ಒಳಗೆ ಅವರ ಅಂಗಳ ಇರಬೇಕು, ಅವರ ತಿಂಡಿ ಇರಬೇಕು, ಬಾಯಿಗೆ ಹಿಡಿಯುವ ತಾಳ ಇರಬೇಕು. ತಾಳ ಹಿಡಿದರೆ ಮಗು ಅರ್ಥ ಪೂರ್ತಿ ಆಗುವ ಮೊದಲೇ ಸಾಲನ್ನು ಹೇಳಲು ಶುರುಮಾಡುತ್ತದೆ. ಅರ್ಥ ಚಿತ್ರದಿಂದ ಬರುತ್ತದೆ.

ಪ್ರಾಣಿ ಯಾವುದು, ಕದಿಯುವುದು ಏನು

ತುಂಟ ಪ್ರಾಣಿ ಅಂದ ಕೂಡಲೇ ಮಂಗ ಬರುತ್ತದೆ, ಅಲ್ವಾ? ಮಂಗ ಬೇಡ ಅಂತ ಅಲ್ಲ. ನಮ್ಮ ತೆಂಗಿನ ತೋಟಕ್ಕೆ ಬಂದು ಎಳನೀರು ಕೆಡವುವ ಮಂಗಗಳ ಕತೆ ಎಲ್ಲ ಮನೆಯಲ್ಲೂ ಉಂಟು. ಆದರೆ ಮಂಗದ ಪುಸ್ತಕ ಈಗಾಗಲೇ ಬೇಕಾದಷ್ಟಿವೆ. ಸುತ್ತ ಒಮ್ಮೆ ನೋಡಿ. ಕೊಕ್ಕೋ ಹಣ್ಣು ಕೊರೆಯುವ ಅಳಿಲು, ಗದ್ದೆಗೆ ಬರುವ ನವಿಲು, ಗೆಣಸು ಅಗೆಯುವ ಕಾಡುಹಂದಿ, ಪೇರಳೆ ಮರಕ್ಕೆ ರಾತ್ರಿ ಬರುವ ಬಾವಲಿ ಎಲ್ಲ ಇವೆ. ನಾನು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳುವುದು ಕಾಸರಗೋಡು ಗಿಡ್ಡ ಹಸುವನ್ನು. ನಮ್ಮ ಊರಿನ ಹೆಸರನ್ನೇ ಹೊತ್ತ ತಳಿ ಅದು. ಎತ್ತರ ಸುಮಾರು ಒಂದು ಮೀಟರ್ ಅಷ್ಟೇ, ಅಂದರೆ ಒಂದನೇ ಕ್ಲಾಸಿನ ಮಗು ಪಕ್ಕದಲ್ಲಿ ನಿಂತರೆ ಹಸುವಿನ ಕಣ್ಣೂ ಮಗುವಿನ ಕಣ್ಣೂ ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಬರುತ್ತವೆ. ಚಿತ್ರಪುಸ್ತಕಕ್ಕೆ ಇದಕ್ಕಿಂತ ಒಳ್ಳೆ ನಾಯಕಿ ಸಿಗುವುದು ಕಷ್ಟ.

ಹೆಸರು ಇಡುವಾಗ ಸ್ವಲ್ಪ ಯೋಚಿಸಿ. ಪುಸ್ತಕದಲ್ಲಿ ಅತಿ ಹೆಚ್ಚು ಸಲ ಬರುವ ಪದ ಅದೇ. ಹಾಗಾಗಿ ಅದಕ್ಕೆ ಪ್ರಾಸಪದಗಳು ಸುಲಭವಾಗಿ ಸಿಗಬೇಕು. ನಮ್ಮ ಕಡೆ ಬಿಳಿ ಹಸುವಿಗೆ ಬೊಳ್ಳಿ ಅಂತ ಹೆಸರಿಡುತ್ತಾರೆ. ಬೊಳ್ಳಿಗೆ ಕಳ್ಳಿ ಉಂಟು, ಮಳ್ಳಿ ಉಂಟು, ಬಳ್ಳಿ ಉಂಟು, ಹಳ್ಳಿ ಉಂಟು. ಹಸುವಿಗೆ ಗಂಗೋತ್ರಿ ಅಂತ ಇಟ್ಟರೆ ಎರಡನೇ ಪುಟಕ್ಕೇ ಸಿಕ್ಕಿಬೀಳುತ್ತೀರಿ.

ತಿಂಡಿಯ ವಿಷಯದಲ್ಲಿ ಒಂದೇ ನಿಯಮ: ಆ ತಿಂಡಿಯೇ ಕತೆಯನ್ನು ಮುಂದೆ ತಳ್ಳಬೇಕು. ಸುಮ್ನೆ ಲಡ್ಡು ತಿಂದಿತು, ಜಿಲೇಬಿ ತಿಂದಿತು ಅಂತ ಸಾಲಾಗಿ ಹೆಸರು ಹೇಳಿದರೆ ಅದು ಮೆನು ಆಗುತ್ತದೆ, ಕತೆ ಆಗುವುದಿಲ್ಲ. ಹಲಸಿನ ಹಪ್ಪಳವನ್ನು ತೆಗೆದುಕೊಳ್ಳಿ. ಏಪ್ರಿಲ್, ಮೇಯಲ್ಲಿ ಬಲಿತ ಹಲಸಿನಕಾಯಿಯ ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಉಪ್ಪು ಮೆಣಸು ಹಾಕಿ ಗುದ್ದಿ, ಉಂಡೆ ಮಾಡಿ, ಮಣೆಯಲ್ಲಿ ಒತ್ತಿ, ಚಾಪೆಯ ಮೇಲೆ ಒಣಗಿಸುತ್ತಾರೆ. ಇದರಲ್ಲಿ ಕತೆಗೆ ಬೇಕಾದ್ದು ಎಷ್ಟು ಉಂಟು ನೋಡಿ. ಅದು ಅಂಗಳದಲ್ಲಿ, ಪ್ರಾಣಿಗೆ ಸಿಗುವ ಎತ್ತರದಲ್ಲಿ, ಗಂಟೆಗಟ್ಟಲೆ ಬಿದ್ದಿರುತ್ತದೆ. ಕಾಯಲು ಒಬ್ಬರು ಬೇಕು, ಹಾಗಾಗಿ ಅಜ್ಜಿ ಬಂದರು. ಒಳಗೆ ಮೆಣಸು ಉಂಟು, ಹಾಗಾಗಿ ಕದ್ದು ತಿಂದವಳಿಗೆ ಖಾರ ಹತ್ತುತ್ತದೆ. ಬೇಸಗೆ ಮಳೆ ಯಾವಾಗ ಬರುತ್ತದೆ ಅಂತ ಹೇಳಲಾಗುವುದಿಲ್ಲ, ಹಾಗಾಗಿ ಗಡಿಬಿಡಿಯೂ ಉಂಟು.

ಕತೆ ತಾನಾಗಿಯೇ ಬಂತು. ಬೊಳ್ಳಿ ಹಪ್ಪಳ ಕದಿಯುತ್ತಾಳೆ. ಖಾರ ಹತ್ತಿ ಅಂಬಾ ಅಂತ ಕೂಗುತ್ತಾಳೆ. ಕೂಗು ಕೇಳಿ ಅಜ್ಜಿ ಕೋಲು ಹಿಡಿದು ಹೊರಗೆ ಬರುತ್ತಾರೆ. ಬಂದವರಿಗೆ ಗುಡ್ಡದ ಮೇಲಿನ ಕಪ್ಪು ಮೋಡ ಕಾಣುತ್ತದೆ. ಕೋಲು ಬಿಸಾಡಿ ಚಾಪೆ ಸುತ್ತುತ್ತಾರೆ. ಉಳಿದ ಹಪ್ಪಳ ಮಳೆಯಿಂದ ಉಳಿಯಿತು. ಕಳ್ಳತನ ಮಾಡಿದವಳೇ ಹಪ್ಪಳ ಉಳಿಸಿದ ಹಾಗಾಯಿತು. ಯಾರೂ ಬೈಸಿಕೊಳ್ಳಲಿಲ್ಲ, ಯಾರೂ ಬುದ್ಧಿ ಕಲಿಯಲಿಲ್ಲ. ಕೊನೆಗೆ ಬೊಳ್ಳಿಯ ಕೈಯಲ್ಲಿ "ಇನ್ನು ಕದಿಯುವುದಿಲ್ಲ" ಅಂತ ಹೇಳಿಸುವ ಆಸೆ ಬರುತ್ತದೆ, ದಯವಿಟ್ಟು ಬೇಡ. ಮಕ್ಕಳು ಆ ಪುಸ್ತಕವನ್ನು ಎರಡನೇ ಸಲ ಓದಿಸುವುದಿಲ್ಲ.

ಇನ್ನೊಂದು ವಿಷಯ ಈಗಲೇ ತೀರ್ಮಾನಿಸಿ. ಬೊಳ್ಳಿ ಬಂತೋ, ಬಂದಳೋ? ಎರಡೂ ಸರಿ. ಬಂದಳು ಅಂದರೆ ಅವಳು ಮನೆಯವಳಾಗುತ್ತಾಳೆ, ನನಗೆ ಅದು ಇಷ್ಟ. ಆದರೆ ಒಂದು ಪುಟದಲ್ಲಿ ಬಂತು, ಮುಂದಿನ ಪುಟದಲ್ಲಿ ಕುಣಿದಳು ಅಂತ ಆಗಬಾರದು.

ತಾಳ: ಇಲ್ಲಿ ಅವಸರ ಮಾಡಬೇಡಿ

ಶಾಲೆಯಲ್ಲಿ ಲಘು ಗುರು ಕಲಿತದ್ದು ಎಲ್ಲರಿಗೂ ನೆನಪಿರಬೇಕೆಂದಿಲ್ಲ. ಹಾಗಾಗಿ ಚುಟುಕಾಗಿ ಹೇಳುತ್ತೇನೆ. ಒಂದು ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆಗೆ ಮಾತ್ರೆ ಅನ್ನುತ್ತಾರೆ. ಒಂದು ಮಾತ್ರೆಯದ್ದು ಲಘು, ಎರಡರದ್ದು ಗುರು. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ ಎರಡು. ಸೊನ್ನೆ ಇರುವ ಅಕ್ಷರಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ಅಗಳು ಅಂದರೆ ಮೂರು ಮಾತ್ರೆ, ಅಂಗಳ ಅಂದರೆ ನಾಲ್ಕು. ಹಲಸಿನ ನಾಲ್ಕು, ಹಪ್ಪಳ ನಾಲ್ಕು, ಹಸು ಎರಡು. ಇಷ್ಟು ಗೊತ್ತಿದ್ದರೆ ಸಾಕು. ಬೆರಳು ಮಡಚಿ ಎಣಿಸುವುದಕ್ಕಿಂತ ತೊಡೆ ತಟ್ಟಿ ಹೇಳಿ ನೋಡಿ. ಎಲ್ಲಿ ಕೈ ತಡವರಿಸುತ್ತದೆಯೋ ಅಲ್ಲಿ ಮಾತ್ರೆ ಜಾಸ್ತಿ ಅಥವಾ ಕಮ್ಮಿ ಆಗಿದೆ.

ತಾಳ ಆರಿಸುವಾಗ ಪ್ರಾಣಿಯ ನಡಿಗೆ ನೆನಪಿಸಿಕೊಳ್ಳಿ. ಮೂರು ಮೂರು ಮಾತ್ರೆಯ ಸಾಲು ಕುಪ್ಪಳಿಸುತ್ತದೆ: "ಪುಟ್ಟ ಹೆಜ್ಜೆ ಇಟ್ಟು ಬಂತು." ಅಳಿಲಿಗೆ, ಮೊಲಕ್ಕೆ, ಆಡಿನ ಮರಿಗೆ ಅದು ಚೆನ್ನ. ಐದು ಐದರ ಸಾಲಿಗೆ ಓಲಾಡುವ ನಡೆ: "ಗುಡ್ಡದಲಿ ಮೇಯುತಿಹ ಗಿಡ್ಡ ಹಸು." ಕೇಳಲು ಚೆಂದ, ಆದರೆ ಇಡೀ ಪುಸ್ತಕ ಹೀಗೆ ಹೋದರೆ ಹಳೆ ಕಾವ್ಯ ಓದಿದ ಹಾಗಾಗುತ್ತದೆ, "ಮೇಯುತಿಹ" ತರದ ರೂಪಗಳನ್ನು ತುರುಕಬೇಕಾಗುತ್ತದೆ. ನಾಲ್ಕು ನಾಲ್ಕರ ಸಾಲು ನೆಟ್ಟಗೆ ನಡೆಯುತ್ತದೆ. ಓದಲು ಕಲಿಯುತ್ತಿರುವ ಮಗುವಿಗೆ ಅದೇ ಸುಲಭ. ಯಕ್ಷಗಾನದ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ನಮ್ಮದು, ರಾತ್ರಿ ಬಯಲಾಟದ ಚೆಂಡೆ ಕೇಳಿ ಬೆಳೆದ ಮಕ್ಕಳು ಇಲ್ಲಿದ್ದಾರೆ, ತಾಳ ತಪ್ಪಿದರೆ ಅವರ ಕಿವಿಗೆ ಕೂಡಲೇ ಗೊತ್ತಾಗುತ್ತದೆ.

ಈಗ ಮೊದಲ ಪದ್ಯ ಕಟ್ಟೋಣ. ಕೈಗೆ ಮೊದಲು ಬರುವುದು ಸಾಮಾನ್ಯವಾಗಿ ಹೀಗಿರುತ್ತದೆ:

ಅಂಗಳ ತುಂಬಾ ಅಜ್ಜಿಯ ಹಪ್ಪಳ
ಬಿಸಿಲಿಗೆ ಕಾಯುತ ಮಲಗಿತ್ತು
ಹಟ್ಟಿಯ ಒಳಗಿನ ಬೊಳ್ಳಿಯ ಮೂಗಿಗೆ
ಹಲಸಿನ ಪರಿಮಳ ಬಡಿದಿತ್ತು

ತಾಳ ಸರಿ ಉಂಟು, ತಟ್ಟಿ ನೋಡಿ. ಆದರೆ ಪ್ರಾಸ ಎಲ್ಲಿ? ಮಲಗಿತ್ತು, ಬಡಿದಿತ್ತು. ಇದು ಬರೀ ಕ್ರಿಯಾಪದದ ಬಾಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಇತ್ತು, ಇತು, ದರು, ತ್ತದೆ ಎಲ್ಲ ಪುಕ್ಕಟೆ ಸಿಗುತ್ತವೆ. ಹತ್ತು ಪುಟ ಹೀಗೇ ಹೋದರೆ ಕಿವಿಗೆ ಒಂದೇ ಗಂಟೆ ಬಾರಿಸಿದ ಹಾಗೆ ಕೇಳುತ್ತದೆ. ಕೊನೆಯ ಬಾಲಕ್ಕಿಂತ ಹಿಂದಿನ ಅಕ್ಷರವೂ ಸೇರಿದರೆ ಅದು ಪ್ರಾಸ. ಬಂದಿತು, ತಿಂದಿತು ಸರಿ. ಬಂದಿತು, ಓಡಿತು ಸಾಲದು. ಇನ್ನೂ ಒಳ್ಳೆಯದು ಕ್ರಿಯಾಪದವನ್ನು ಸಾಲಿನ ಒಳಕ್ಕೆ ತಂದು, ಕೊನೆಗೆ ಕಣ್ಣಿಗೆ ಕಾಣುವ ವಸ್ತುವನ್ನು ಇಡುವುದು. ಆಗ ಪ್ರಾಸಪದವೇ ಚಿತ್ರದಲ್ಲೂ ಇರುತ್ತದೆ, ಮಗು ಚಿತ್ರ ನೋಡಿ ಆ ಪದ ಊಹಿಸುತ್ತದೆ. ತಿದ್ದಿದ ಮೇಲೆ:

ಅಂಗಳ ತುಂಬಾ ಅಜ್ಜಿಯ ಹಪ್ಪಳ
ಬಿಸಿಲಿಗೆ ಬಿದ್ದಿವೆ ಸಾಲೋ ಸಾಲು
ಬೊಳ್ಳಿಯ ಮೂಗಿಗೆ ಪರಿಮಳ ಬಡಿಯಿತು
"ನನಗೂ ಉಂಟೋ ಅದರಲಿ ಪಾಲು?"

ಎರಡನೇ ಸಾಲಿನಲ್ಲಿ ಬಿಸಿಲಿಗೆ, ಬಿದ್ದಿವೆ ಅಂತ "ಬಿ" ಎರಡು ಸಲ ಬಂತು. ಸಾಲಿನ ಒಳಗೆ ಹೀಗೆ ಅಕ್ಷರ ಮರಳಿ ಬಂದರೆ ನಾಲಗೆಗೆ ಖುಷಿ. ಹಳೆಯ ಷಟ್ಪದಿಗಳಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನ ಇರಬೇಕು ಅನ್ನುವ ಆದಿಪ್ರಾಸದ ಕಟ್ಟು ಇತ್ತು. ಮಕ್ಕಳ ಪುಸ್ತಕದಲ್ಲಿ ಅಷ್ಟು ಕಟ್ಟುನಿಟ್ಟು ಬೇಡ, ಅಂತ್ಯಪ್ರಾಸ ಸಾಕು. ಆದರೆ ಆ ರುಚಿ ಅಲ್ಲಲ್ಲಿ ಇರಲಿ. "ಉಂಟೋ" ಅನ್ನುವುದನ್ನು ಬೇಕಂತಲೇ ಇಟ್ಟಿದ್ದೇನೆ. ನಮ್ಮ ಮಕ್ಕಳು ದಿನವಿಡೀ ಹೇಳುವ ಮಾತು ಅದು. "ಇದೆಯೋ" ಅಂತ ಬದಲಿಸಿದರೂ ಮಾತ್ರೆ ಸರಿಹೋಗುತ್ತದೆ, ಆದರೆ ಹಸು ಬೇರೆ ಊರಿನದಾಗುತ್ತದೆ.

ಪಲ್ಲವಿ ಒಂದು ಬೇಕೇ ಬೇಕು. ಎರಡು ಮೂರು ಪುಟಕ್ಕೊಮ್ಮೆ ಬರುವ, ಇಡೀ ಕ್ಲಾಸು ಒಟ್ಟಿಗೆ ಕೂಗುವ ಎರಡು ಸಾಲು. ಮೊದಲಿಗೆ "ಅಂಬಾ ಅಂಬಾ ಬೊಳ್ಳಿ, ಬೇಲಿ ಹಾರೋ ಕಳ್ಳಿ" ಅಂತ ಹೊಳೆಯಬಹುದು. ತಟ್ಟಿ ನೋಡಿ, "ಬೇಲಿ" ಹತ್ತಿರ ಕೈ ಮುಗ್ಗರಿಸುತ್ತದೆ. ಅಲ್ಲಿ ಮೂರೇ ಮಾತ್ರೆ ಉಂಟು, ಬೇಕಾದ್ದು ನಾಲ್ಕು. ಹಾಗಾಗಿ:

ಅಂಬಾ ಅಂಬಾ ಬೊಳ್ಳಿ
ಬೇಲಿಯ ಹಾರಿದ ಕಳ್ಳಿ!

"ಹಗ್ಗವ", "ಅದರಲಿ", "ಬೇಲಿಯ" ತರದ ಸಣ್ಣ ಸ್ವಾತಂತ್ರ್ಯ ಹಾಡಿನಲ್ಲಿ ಎಲ್ಲರೂ ತೆಗೆದುಕೊಳ್ಳುತ್ತಾರೆ, ಮಕ್ಕಳಿಗೂ ಅಭ್ಯಾಸ ಉಂಟು. ಆದರೆ ಮಾತ್ರೆ ತುಂಬಿಸಲು "ತಾ", "ಬಲು", "ಆಗ ತಾನು", "ಪೋಗಿ" ಅಂತ ತುಂಬಬೇಡಿ. ಜಾಗ ಖಾಲಿ ಉಳಿದರೆ ಅಲ್ಲೊಂದು ಸದ್ದು ಹಾಕಿ. ಕನ್ನಡದಲ್ಲಿ ಸದ್ದಿನ ಪದಗಳಿಗೆ ಬರವೇ ಇಲ್ಲ: ಗಬಗಬ, ಚಪಚಪ, ಗುಡುಗುಡು, ದಡಬಡ, ಕರುಂ ಕುರುಂ. ಅದರಲ್ಲೂ ಸರಿಯಾದದ್ದನ್ನು ಆರಿಸಿ. ಕರಿದ ಹಪ್ಪಳ ಕರುಂ ಕುರುಂ ಅನ್ನುತ್ತದೆ, ಚಾಪೆಯ ಮೇಲೆ ಅರ್ಧ ಒಣಗಿದ್ದು ಹಾಗೆ ಅನ್ನುವುದಿಲ್ಲ. ಅದು ಚರ್ಮದ ಹಾಗೆ ಬಗ್ಗುತ್ತದೆ, ಅಗಿದರೆ ಪಚಪಚ. ಅಜ್ಜಿಮನೆಯಲ್ಲಿ ಹಸಿ ಹಪ್ಪಳ ಕದ್ದು ತಿಂದ ಮಗು ಇದನ್ನು ಕೂಡಲೇ ಹಿಡಿಯುತ್ತದೆ.

ಹದಿನಾರು ಪುಟಕ್ಕೆ ಹಂಚುವುದು

ಪ್ರಕಾಶಕರು ಸಾಮಾನ್ಯವಾಗಿ 32 ಪುಟದ ಚಿತ್ರಪುಸ್ತಕ ಮಾಡುತ್ತಾರೆ, ದೊಡ್ಡ ಹಾಳೆ ಮಡಚಿದಾಗ ಪುಟಗಳು ಎಂಟು, ಹದಿನಾರರ ಗುಂಪಾಗಿ ಬರುವುದರಿಂದ. ಮನೆಯಲ್ಲಿ ಮಾಡಲು 16 ಪುಟ ಸಾಕು. ನಾಲ್ಕು ಎ4 ಹಾಳೆ, ನಡುವೆ ಮಡಚಿ ಒಂದರೊಳಗೆ ಒಂದು ಇಟ್ಟರೆ 16 ಪುಟ ಆಯಿತು. ಹೊರಗೆ ದಪ್ಪ ಕಾಗದದ ರಕ್ಷಾಪುಟ ಬೇರೆ.

ಬರೆಯುವ ಮೊದಲು ಒಂದು ಕಚ್ಚಾ ಪುಸ್ತಕ ಮಡಚಿ ಪುಟಕ್ಕೆ ಪೆನ್ಸಿಲಿನಲ್ಲಿ ಸಂಖ್ಯೆ ಹಾಕಿ. 1ನೇ ಪುಟ ಹೆಸರಿಗೆ. 2 ಮತ್ತು 3 ಎದುರುಬದುರು, 4 ಮತ್ತು 5 ಎದುರುಬದುರು, ಹೀಗೆ 14 ಮತ್ತು 15ರ ತನಕ ಏಳು ಜೋಡಿ ಪುಟ ಸಿಗುತ್ತವೆ. 16ನೇ ಪುಟ ಕೊನೆಯ ಒಂದು ಸಣ್ಣ ಚಿತ್ರಕ್ಕೆ. ಕತೆಯನ್ನು ಏಳು ತುಂಡು ಮಾಡಬೇಕು, ಅಷ್ಟೇ. ನಮ್ಮ ಕತೆ ಹೀಗೆ ಕೂರುತ್ತದೆ: 2–3ರಲ್ಲಿ ಅಜ್ಜಿ ಹಪ್ಪಳ ಹರಡುವುದು, 4–5ರಲ್ಲಿ ಪರಿಮಳ ಬೊಳ್ಳಿಯ ಮೂಗಿಗೆ ಬಡಿಯುವುದು, ಮೇಲೆ ಕಟ್ಟಿದ ಪದ್ಯ ಈ ಎರಡು ಜೋಡಿಗೆ ಎರಡೆರಡು ಸಾಲು. 6–7ರಲ್ಲಿ ಹಟ್ಟಿಯಿಂದ ಹೊರಟು ಬೇಲಿ ಹಾರಿ ಬರುವುದು. 8–9ರಲ್ಲಿ ಏನು ಅಂತ ಈಗ ಹೇಳುತ್ತೇನೆ. 10–11ರಲ್ಲಿ ಖಾರ. 12–13ರಲ್ಲಿ ಕೋಲು ಹಿಡಿದ ಅಜ್ಜಿ ಮತ್ತು ಮೋಡ. 14–15ರಲ್ಲಿ ಮಳೆ.

ಪುಟ ತಿರುಗಿಸುವ ಕ್ಷಣ ಚಿತ್ರಪುಸ್ತಕದ ಪ್ರಾಣ. ಬಲಗಡೆ ಪುಟದ ಕೊನೆಯ ಸಾಲು ಮಗುವಿನ ಕೈಯನ್ನು ಪುಟದ ಅಂಚಿಗೆ ಎಳೆಯಬೇಕು. ಕನ್ನಡ ಇದಕ್ಕೆ ಹೇಳಿ ಮಾಡಿಸಿದ ಭಾಷೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದಲ್ಲ, ಅದನ್ನು ಹೇಳದೆ ಹಾಗೇ ಬಿಟ್ಟರೆ ವಾಕ್ಯ ಗಾಳಿಯಲ್ಲಿ ನಿಲ್ಲುತ್ತದೆ. 7ನೇ ಪುಟಕ್ಕೆ ಹೀಗೆ ಬರೆಯಿರಿ:

ಹಗ್ಗವ ಜಗ್ಗುತ ಹಟ್ಟಿಯ ದಾಟುತ
ಅಂಗಳದಂಚಿಗೆ ಬಂದಳು ಬೊಳ್ಳಿ
"ಒಂದೇ ಒಂದನು ನೆಕ್ಕುವೆ" ಎಂದು...

ಪುಟ ತಿರುಗಿಸಿದರೆ 8–9ರಲ್ಲಿ ಒಂದು ಅಕ್ಷರವೂ ಇಲ್ಲ. ಅರ್ಧ ಖಾಲಿಯಾದ ಚಾಪೆ, ಉಬ್ಬಿದ ಕೆನ್ನೆಯ ಬೊಳ್ಳಿ. ನಾಲ್ಕನೇ ಸಾಲನ್ನು ಮಕ್ಕಳೇ ಕೂಗುತ್ತಾರೆ. ಇನ್ನೊಂದು ಅನುಕೂಲವೂ ಉಂಟು. ಎದುರುಬದುರು ಪುಟಗಳಲ್ಲಿ ಒಂದೇ ಹಾಳೆಯ ಮೇಲೆ ಬರುವುದು ನಟ್ಟನಡುವಿನ 8 ಮತ್ತು 9 ಮಾತ್ರ, ಉಳಿದ ಜೋಡಿಗಳಲ್ಲಿ ಎಡಪುಟ ಒಂದು ಹಾಳೆ, ಬಲಪುಟ ಇನ್ನೊಂದು. ದೊಡ್ಡ ಚಿತ್ರ ತುಂಡಾಗದೆ ಬರುವ ಜಾಗ ಅದೊಂದೇ, ಹಾಗಾಗಿ ಮಾತಿಲ್ಲದ ಚಿತ್ರವನ್ನು ಅಲ್ಲಿಗೇ ತಂದು ನಿಲ್ಲಿಸಿ.

10–11ಕ್ಕೆ:

ಅಯ್ಯೋ ಖಾರಾ! ಉರಿಉರಿ ನಾಲಗೆ!
ಬಾಲವನೆತ್ತುತ ಕುಣಿದಳು ಬೊಳ್ಳಿ
ಅಂಬಾ ಅಂಬಾ ಬೊಳ್ಳಿ
ಬೇಲಿಯ ಹಾರಿದ ಕಳ್ಳಿ!

12–13ರಲ್ಲಿ ಪದ್ಯವೇ ಬೇಡ, ಅಜ್ಜಿಯ ಬಾಯಲ್ಲಿ "ಯಾರದು?" ಅಂತ ಒಂದೇ ಮಾತು ಸಾಕು. ತಾಳ ಒಮ್ಮೆ ನಿಂತರೆ ಮುಂದಿನ ಪುಟದಲ್ಲಿ ಅದು ಮರಳಿ ಬಂದಾಗ ಇನ್ನೂ ಚೆನ್ನಾಗಿ ಕೇಳುತ್ತದೆ. 14–15:

ಗುಡುಗುಡು ಗುಡುಗಿತು ಗುಡ್ಡದ ಆಚೆ
ಅಜ್ಜಿಯ ಕೈಯಲಿ ಸುರುಳಿಯ ಚಾಪೆ
ಅಂಬಾ ಅಂಬಾ ಬೊಳ್ಳಿ
ಹಪ್ಪಳ ಉಳಿಸಿದ ಕಳ್ಳಿ!

ಆಚೆ, ಚಾಪೆ ಪೂರ್ತಿ ಪ್ರಾಸ ಅಲ್ಲ, ಸ್ವರ ಮಾತ್ರ ಸೇರುತ್ತದೆ. ಆದರೂ ಬಿಟ್ಟಿದ್ದೇನೆ. ತಾಳ ಗಟ್ಟಿ ಇದ್ದರೆ ಇಂಥ ಅರೆಪ್ರಾಸವನ್ನು ಕಿವಿ ಒಪ್ಪಿಕೊಳ್ಳುತ್ತದೆ. ತಾಳ ಸಡಿಲವಾಗಿದ್ದರೆ ಎಷ್ಟು ಅಚ್ಚುಕಟ್ಟಾದ ಪ್ರಾಸವೂ ಕಾಪಾಡುವುದಿಲ್ಲ. ಪಲ್ಲವಿಯಲ್ಲಿ ಕೊನೆಯ ಸಲ ಎರಡೇ ಪದ ಬದಲಾಯಿತು ನೋಡಿ, ಮಕ್ಕಳು ಹಳೆ ಸಾಲನ್ನೇ ಕೂಗಲು ಹೋಗಿ ತಡೆದು ನಗುವ ಜಾಗ ಅದು.

ಚಿತ್ರ

ಚಿತ್ರ ಬರೆಯಲು ಬರುವುದಿಲ್ಲ ಅಂತ ಹಿಂದೆ ಸರಿಯಬೇಡಿ. ಬಣ್ಣದ ಕಾಗದ ಕತ್ತರಿಸಿ ಅಂಟಿಸಿ. ಹಪ್ಪಳಕ್ಕೆ ಬಾಟಲಿಯ ಮುಚ್ಚಳ ಅದ್ದಿ ಒತ್ತಿದರೆ ಸಾಕು. ಒಣಗಿದ ಅಡಿಕೆ ಹಾಳೆಯ ಮೇಲೆ ಕಾಗದ ಇಟ್ಟು ಕ್ರೇಯಾನಿನಲ್ಲಿ ಉಜ್ಜಿ ನೋಡಿ, ಒಳ್ಳೆ ಗೆರೆಗಳು ಏಳುತ್ತವೆ, ಚಾಪೆಗೆ ಅದು ಸರಿಯಾಗುತ್ತದೆ. ಮಕ್ಕಳ ಕೈಯಲ್ಲೇ ಮಾಡಿಸಿದರೆ ಇನ್ನೂ ಚೆಂದ.

ಬೊಳ್ಳಿ ಮಾತ್ರ ಬೊಳ್ಳಿಯ ಹಾಗೇ ಇರಲಿ. ನೆಟ್ಟಿನಲ್ಲಿ ಹಸುವಿನ ಚಿತ್ರ ಹುಡುಕಿದರೆ ಕಪ್ಪುಬಿಳಿ ಮಚ್ಚೆಯ, ದೊಡ್ಡ ಕೆಚ್ಚಲಿನ ವಿದೇಶಿ ಹಸುವೇ ಜಾಸ್ತಿ ಬರುತ್ತದೆ. ನಮ್ಮ ಗಿಡ್ಡ ಹಸುವಿಗೆ ಸಣ್ಣ ಕೊಂಬು, ಸಣ್ಣ ಡುಬ್ಬ, ಕುತ್ತಿಗೆಯ ಕೆಳಗೆ ನೇತಾಡುವ ಗಂಗೆದೊಗಲು. ಪಕ್ಕದಲ್ಲಿ ಒಂದು ಮಗುವನ್ನೋ ಕೊಡಪಾನವನ್ನೋ ಇಟ್ಟು ಬರೆಯಿರಿ, ಆಗ ಅವಳು ಎಷ್ಟು ಪುಟ್ಟವಳು ಅಂತ ಗೊತ್ತಾಗುತ್ತದೆ. ಹಿನ್ನೆಲೆಗೆ ಮುರಕಲ್ಲಿನ ಗೋಡೆ, ಹಂಚಿನ ಮಾಡು, ಅಡಿಕೆ ತೋಟ. ಗುಡ್ಡದ ಬುಡದಲ್ಲಿ ಒಂದು ಸುರಂಗದ ಬಾಯಿ ಇದ್ದರೆ ನೋಡಿದ ಕೂಡಲೇ ಇದು ನಮ್ಮ ಊರು ಅಂತ ಮಕ್ಕಳು ಹೇಳುತ್ತಾರೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳು ಈ ಕಡೆ ಇರುವಷ್ಟು ಬೇರೆಲ್ಲೂ ಕಾಣಸಿಗುವುದಿಲ್ಲ.

ಪದ್ಯ ಹೇಳಿದ್ದನ್ನೇ ಚಿತ್ರ ಹೇಳಬಾರದು. ಇದು ಮುಖ್ಯ. ಪದ್ಯದಲ್ಲಿ ಎಲ್ಲೂ ಬರದ ಒಂದು ಕಾಗೆಯನ್ನು ಮೊದಲ ಪುಟದಿಂದ ಕೂರಿಸಿ. ಹಪ್ಪಳ ಕಾಯಲು ಅಜ್ಜಿ ಬಿಚ್ಚಿಟ್ಟ ಕಪ್ಪು ಕೊಡೆಯ ಮೇಲೇ ಅದು ಕೂತಿರಲಿ. ಎಲ್ಲರೂ ಬೊಳ್ಳಿಯನ್ನು ನೋಡುವಾಗ ಕಾಗೆ ಪ್ರತಿ ಪುಟದಲ್ಲೂ ಒಂದೊಂದು ಹಪ್ಪಳ ಎತ್ತುತ್ತಿರುತ್ತದೆ. ಮೂರನೇ ಓದಿಗೋ ನಾಲ್ಕನೇ ಓದಿಗೋ ಒಂದು ಮಗು ಅದನ್ನು ಕಂಡುಹಿಡಿಯುತ್ತದೆ, ಆಮೇಲೆ ಇಡೀ ಪುಸ್ತಕವನ್ನು ಮೊದಲಿಂದ ನೋಡಬೇಕಾಗುತ್ತದೆ. 16ನೇ ಪುಟಕ್ಕೆ, ಹಟ್ಟಿಯಲ್ಲಿ ಹಲಸಿನ ರೆಚ್ಚೆ (ಸಿಪ್ಪೆ) ಮೆಲ್ಲುವ ಬೊಳ್ಳಿ, ಅವಳ ಬೆನ್ನ ಮೇಲೆ ಹೊಟ್ಟೆ ಉಬ್ಬಿದ ಕಾಗೆ.

ಬೇರೆಯವರ ಚಿತ್ರ ಬಳಸುವುದಾದರೆ ಅನುಮತಿ ಇರುವುದನ್ನೇ ಬಳಸಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಅನ್ನುವ ಜಾಲತಾಣದಲ್ಲಿ ಚಿತ್ರಗಾರರ ಹೆಸರು ಹಾಕಿ ಬಳಸಬಹುದಾದ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ನಿಮ್ಮ ಕನ್ನಡ ಕತೆಯನ್ನೂ ಅಲ್ಲಿ ಹಾಕಬಹುದು.

ಅಕ್ಷರ, ಅಚ್ಚು, ಹೊಲಿಗೆ

ಅಕ್ಷರ ದೊಡ್ಡದಿರಲಿ, 22ರಿಂದ 24 ಪಾಯಿಂಟ್. ಬಾಲೂ ತಮ್ಮ, ನೋಟೊ ಸಾನ್ಸ್ ಕನ್ನಡ ಎರಡೂ ಪುಕ್ಕಟೆ ಸಿಗುವ ಯೂನಿಕೋಡ್ ಫಾಂಟ್‌ಗಳು. ದುಂಡಗಿರುವ ಬಾಲೂ ತಮ್ಮ ಹೆಸರಿಗೆ, ನೋಟೊ ಪದ್ಯಕ್ಕೆ ಅಂತ ಇಟ್ಟುಕೊಳ್ಳಿ. ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಬೇಕು, ಅಕ್ಷರದ ಅಳತೆಯ ಒಂದೂವರೆ ಪಟ್ಟಾದರೂ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲಕ್ಕೆ ಏಳುತ್ತದೆ, ಎರಡೂ ತಾಗಿದರೆ ಹೊಸದಾಗಿ ಓದುವವರಿಗೆ ಗೊಂದಲ. ಪದ್ಯದ ಒಂದು ಸಾಲು ಪುಟದಲ್ಲೂ ಒಂದೇ ಸಾಲಾಗಿ ಬರಲಿ. ಚಿತ್ರದ ಗಿಜಿಗಿಜಿಯ ಮೇಲೆ ಅಕ್ಷರ ಹಾಕಬೇಡಿ, ಆಕಾಶವೋ ಅಂಗಳವೋ ಖಾಲಿ ಇರುವ ಕಡೆ ಹಾಕಿ. ಪ್ರಿಂಟ್ ಹಾಕುವ ಅಂಗಡಿಗೆ ಕೊಡುವಾಗ ಪಿಡಿಎಫ್ ಮಾಡಿಯೇ ಕೊಡಿ. ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದೆ ಒತ್ತಕ್ಷರ ಎಲ್ಲ ಬಿಡಿಬಿಡಿಯಾಗಿ ಕೂರುವ ಸಾಧ್ಯತೆ ಉಂಟು.

ಅಚ್ಚಿಗೆ ಕೊಡುವ ಮೊದಲು ಪದ್ಯವನ್ನು ಬೇರೆಯವರ ಕೈಯಲ್ಲಿ ಗಟ್ಟಿಯಾಗಿ ಓದಿಸಿ. ನೀವೇ ಓದಿದರೆ ಪ್ರಯೋಜನ ಇಲ್ಲ, ನಿಮ್ಮ ತಲೆಯಲ್ಲಿ ರಾಗ ಮೊದಲೇ ಇರುವುದರಿಂದ ತಪ್ಪಿದ ಸಾಲೂ ಸರಿಯಾಗಿ ಕೇಳುತ್ತದೆ. ಮೊದಲ ಸಲ ನೋಡುವವರು ಎಲ್ಲಿ ತಡವರಿಸುತ್ತಾರೆ ಅಂತ ಗುರುತು ಹಾಕಿ, ಅಲ್ಲಿ ಅವರ ತಪ್ಪಿಲ್ಲ, ಸಾಲನ್ನೇ ತಿದ್ದಬೇಕು. ಆಮೇಲೆ ಮಕ್ಕಳಿಗೆ ಓದಿ ಹೇಳಿ, ಪ್ರಾಸಪದ ಬರುವ ಮುಂಚೆ ಒಂದು ಉಸಿರು ನಿಲ್ಲಿಸಿ. "ಅದರಲಿ..." ಅಂದಾಗ ಮಕ್ಕಳು "ಪಾಲು!" ಅಂತ ತಾವೇ ಹೇಳಿದರೆ ಆ ಪದ್ಯ ಗೆದ್ದಿತು. ಯಾರೂ ಹೇಳದಿದ್ದರೆ ಪ್ರಾಸಪದ ಮಕ್ಕಳಿಗೆ ಗೊತ್ತಿಲ್ಲದ್ದು ಅಂತ ಅರ್ಥ.

ಪುಟ ಜೋಡಿಸುವುದು ಕಷ್ಟ ಅಂತ ಕಾಣುತ್ತದೆ, ಆದರೆ ಒಂದೇ ಲೆಕ್ಕ. ಹಾಳೆಯ ಒಂದೇ ಬದಿಗೆ ಬರುವ ಎರಡು ಪುಟಗಳ ಸಂಖ್ಯೆ ಕೂಡಿಸಿದರೆ ಯಾವಾಗಲೂ 17 ಆಗಬೇಕು. ಹೊರಗಿನ ಹಾಳೆಯ ಒಂದು ಬದಿಗೆ 16 ಮತ್ತು 1, ಹಿಂದೆ 2 ಮತ್ತು 15. ಮುಂದಿನದಕ್ಕೆ 14 ಮತ್ತು 3, ಹಿಂದೆ 4 ಮತ್ತು 13. ಹೀಗೇ ಒಳಗೆ ಹೋದರೆ ಕೊನೆಗೆ 8 ಮತ್ತು 9. ಅಕ್ರೋಬ್ಯಾಟ್ ರೀಡರಿನಲ್ಲಿ ಪ್ರಿಂಟ್ ಕೊಡುವಾಗ ಬುಕ್‌ಲೆಟ್ ಅಂತ ಆರಿಸಿದರೆ ಅದೇ ಜೋಡಿಸಿಕೊಡುತ್ತದೆ. ಒಳಗಿನ ಪುಟಕ್ಕೆ 120 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಕಾಗದ ಸಾಕು, ಹಿಂದಿನ ಬಣ್ಣ ಈಚೆ ಕಾಣುವುದಿಲ್ಲ. ರಕ್ಷಾಪುಟಕ್ಕೆ 250 ಜಿಎಸ್‌ಎಂ. ಅಂಗಡಿಯಲ್ಲಿ ಮಾರುವ ಯೋಚನೆ ಇದ್ದರೆ ಮಾತ್ರ ಐಎಸ್‌ಬಿಎನ್ ಅನ್ನುವ ಪುಸ್ತಕದ ಗುರುತು ಸಂಖ್ಯೆ ಬೇಕಾಗುತ್ತದೆ, ನಮ್ಮ ದೇಶದಲ್ಲಿ ಅದಕ್ಕೆ ಶುಲ್ಕ ಇಲ್ಲ.

ಪುಸ್ತಕವನ್ನು ಪಿನ್ನಿನಿಂದ ಹೊಡೆಯುವುದಕ್ಕಿಂತ ನೂಲಿನಿಂದ ಹೊಲಿಯಿರಿ. ಕಡಲ ತಡಿಯ ನಮ್ಮ ಊರಿನ ಮಳೆಗಾಲಕ್ಕೆ ಪಿನ್ನು ತುಕ್ಕು ಹಿಡಿದು ನಡುವಿನ ಪುಟದಲ್ಲಿ ಕೆಂಪು ಕಲೆ ಬಿಡುತ್ತದೆ, ನಮ್ಮ ದೊಡ್ಡ ಚಿತ್ರ ಇರುವುದು ಅಲ್ಲೇ. ಮಡಚಿದ ಗೆರೆಯ ಮೇಲೆ ಮೂರು ತೂತು ಮಾಡಿ, ನಡುವೆ ಒಂದು, ಮೇಲೆ ಒಂದು, ಕೆಳಗೆ ಒಂದು. ಸೂಜಿಯನ್ನು ಒಳಗಿನಿಂದ ನಡುವಿನ ತೂತಿನಲ್ಲಿ ಹೊರಗೆ ತನ್ನಿ. ಮೇಲಿನ ತೂತಿನಿಂದ ಒಳಕ್ಕೆ ಹಾಕಿ. ಒಳಗಿನಿಂದಲೇ ಉದ್ದಕ್ಕೆ ಕೆಳಗಿನ ತೂತಿಗೆ ಹೋಗಿ ಹೊರಗೆ ತನ್ನಿ. ಮತ್ತೆ ನಡುವಿನ ತೂತಿನಿಂದ ಒಳಗೆ. ಈಗ ನೂಲಿನ ಎರಡೂ ತುದಿ ಒಳಗೆ ಇರುತ್ತವೆ, ನಡುವೆ ಉದ್ದ ನೂಲು ಹಾದುಹೋಗಿರುತ್ತದೆ. ಅದರ ಆಚೆ ಒಂದು ತುದಿ, ಈಚೆ ಒಂದು ತುದಿ ಇಟ್ಟು ಬಿಗಿಯಾಗಿ ಗಂಟು ಹಾಕಿ. ಗೋಣಿ ಹೊಲಿಯುವ ನೂಲು ತುಂಬ ದಪ್ಪವಾಗುತ್ತದೆ, ಹೂ ಕಟ್ಟುವ ನೂಲನ್ನು ಎರಡೆಳೆ ಮಾಡಿದರೆ ಸರಿಯಾಗುತ್ತದೆ. ಮೂಲೆಗಳನ್ನು ಕತ್ತರಿಯಿಂದ ಸ್ವಲ್ಪ ದುಂಡಗೆ ಮಾಡಿಬಿಡಿ. ಜೂನ್ ಒಂದರ ಹೊತ್ತಿಗೆ ಮಳೆಗಾಲ ಶುರುವಾಗುತ್ತದೆ, ಶಾಲೆಯೂ ಶುರುವಾಗುತ್ತದೆ, ಆ ಹೊತ್ತಿಗೆ ನಾಲ್ಕೈದು ಪ್ರತಿ ಹೊಲಿದು ಇಟ್ಟುಕೊಂಡರೆ ಒಂದನ್ನು ಮನೆಯಲ್ಲಿಟ್ಟು ಉಳಿದದ್ದನ್ನು ಒಂದನೇ ಕ್ಲಾಸಿನ ಮಕ್ಕಳ ಕೈಗೇ ಕೊಡಬಹುದು.